ತುಟಿಗಳಲ್ಲಿ ಹೇಳಿದ್ದು

ಬಾಗಿಲ ಗಾಜಿನಾಚೆ ಪರದೆಯ ಮೇಲೆ ಹೃದಯದ ನಾಳವೊಂದು ಬಳ್ಳಿಯ ಹಾಗೆ ಬಳುಕುತ್ತಿತ್ತು. ಅದರ ಒಂದು ಕಡೆಯಿಂದ ಕಪ್ಪು ಹೊಗೆಯಂಥದ್ದು ಸೋರಿ ಹರಡುತ್ತಿತ್ತು. ಅದು ಹೊಗೆಯಲ್ಲ, ಬಣ್ಣದ ಮದ್ದು ಬೆರೆತ ನಮ್ಮತ್ತೆಯ ರಕ್ತ ಎಂದು ನನಗೆ ತಿಳಿದದ್ದು ಒಳಗೆ ಕಾಲಿಟ್ಟ ಮೇಲೆ.

ಎದೆನೋವೆಂದು ಅತ್ತೆಯನ್ನು ಬೆಳಿಗ್ಗೆ ಆಸ್ಪತ್ರೆಗೆ ಕರೆತಂದಿದ್ದೆವು. ಕಟ್ಟಿಕೊಂಡ ನಾಳವನ್ನು ಬಲೂನಿನಿಂದ ಬಿಡಿಸಿ, ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸುವಾಗ ನಾಳವೇ ಹರಿದಿತ್ತು. ನನ್ನ ಗಂಡ ರಕ್ತ ತರಲು ಓಡಿದ್ದರು. ಬಾಗಿಲ ಬಳಿ ನಾನೊಬ್ಬಳೇ ಇದ್ದೆ.

ನರ್ಸ್ ಹೊರಗೆ ಬಂದರು. "ನಿಮ್ಮತ್ತೆಗೆ ಕಿವಿ ಕೇಳಲ್ವೇನಮ್ಮಾ? ಎಷ್ಟು ಹೇಳಿದರೂ ಏಳೋಕೆ ನೋಡ್ತಾರೆ."

"ಕೇಳಲ್ಲ. ತುಟಿ ನೋಡಿ ತಿಳ್ಕೋತಾರೆ."

ಒಳಗೆ ಎಲ್ಲರ ಬಾಯಿಗೂ ಮಾಸ್ಕ್ ಇತ್ತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹೊರಗಿನವರೆದುರು ಬಾಯಿ ತೆರೆದದ್ದೇ ಕಡಿಮೆ. ಅತ್ತೆಯ ಜೊತೆ ದನಿಯೇ ಬೇಕಾಗುತ್ತಿರಲಿಲ್ಲ. ನನಗೂ ಮಾಸ್ಕ್ ಹಾಕಿ, ಎಕ್ಸ್‌ರೇ ತಡೆಯುವ ಭಾರದ ಅಂಗಿ ತೊಡಿಸಿ ಅವರ ತಲೆಯ ಬಳಿ ನಿಲ್ಲಿಸಿದರು.

"ಬಲೂನು ಉಬ್ಬಿಸಿ ತೂತು ಒತ್ತಿ ಹಿಡಿದಿದ್ದೀನಿ," ಡಾಕ್ಟರು ತಲೆಯೆತ್ತದೆ ಹೇಳಿದರು. "ಅದಕ್ಕೇ ಅಷ್ಟು ನೋವು. ಬಿ.ಪಿ. ಬಿದ್ದಿದೆ, ನಿದ್ದೆಯ ಮದ್ದು ಕೊಡೋ ಹಾಗಿಲ್ಲ. ಅಲುಗಾಡಿ ಬಲೂನು ಜಾರಿದರೆ ಉಳಿಸೋದು ಕಷ್ಟ. ಹೇಗಾದರೂ ಸುಮ್ಮನೆ ಮಲಗಿಸಮ್ಮ."

ಅತ್ತೆಗೆ ತುಟಿ ಕಾಣಲೆಂದು ಮಾಸ್ಕ್ ಇಳಿಸಿದೆ.

"ಬಂದ್ಯಾ!" ಅತ್ತೆ ಕಿರುಚಿದರು, ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. "ಮುಖ ಮುಚ್ಕೊಂಡ ಕಳ್ಳರು ಕಣೇ ಇವ್ರು. ಎದೆ ಮೇಲೆ ಒರಳುಕಲ್ಲು ಇಟ್ಟವ್ರೆ. ಎಬ್ಬಿಸು ನನ್ನ."

"ಏನೂ ಆಗಿಲ್ಲ ಅತ್ತೆ. ಸುಮ್ನೆ ಮಲ್ಕೊಳ್ಳಿ," ಎಂದೆ, ದನಿಯಿಲ್ಲದೆ.

ಅವರು ನನ್ನ ಬಾಯನ್ನೇ ದಿಟ್ಟಿಸಿದರು. "ಸುಳ್ಳು ಬೊಗಳ್ಬೇಡ. ತುಟಿ ನಡುಗ್ತಾ ಐತೆ."

ಭುಜ ಮೇಲೆದ್ದಿತು. ಪರದೆಯಲ್ಲಿ ಹೊಗೆ ಮತ್ತೆ ಚಿಮ್ಮಿತು. "ಹಿಡೀರಿ, ಹಿಡೀರಿ!" ಯಾರೋ ಕೂಗಿದರು.

ಆಗ ನಿಜ ಹೇಳಿಬಿಟ್ಟೆ. ಒಂದೊಂದೇ ಮಾತು, ಅವರಿಗೆ ಕಾಣುವಂತೆ. "ನಾಳ ಹರಿದಿದೆ. ರಕ್ತ ಸೋರ್ತಿದೆ. ನೋಯಿಸ್ತಿರೋದೇ ಅದನ್ನ ತಡೆದಿರೋದು. ನೀವು ಅಲುಗಿದರೆ ಸತ್ತುಹೋಗ್ತೀರಿ ಅತ್ತೆ."

ಅವರ ಮುಖ ಬಿಳಿಚಿತು. "ಮೊದ್ಲೇ ಹೇಳೋಕೆ ನಿಂಗೇನ್ ರೋಗ ಬಂದಿತ್ತು?" ಎಂದು ಗೊಣಗಿ ಭುಜ ಕೆಳಗಿಟ್ಟರು. ಹಣೆಯ ಬೆವರು ಕಿವಿಗೆ ಹರಿಯುತ್ತಿದ್ದರೂ ಬೆರಳು ಕೂಡ ಆಡಿಸಲಿಲ್ಲ.

ಡಾಕ್ಟರು ತೆಳುವಾದ ಹೊದಿಕೆಯಿದ್ದ ಇನ್ನೊಂದು ಸ್ಟೆಂಟನ್ನು ಹರಿದ ಜಾಗಕ್ಕೆ ಕೂರಿಸಿದರು. "ಈಗ ಬಲೂನು ಇಳಿಸ್ತೀನಿ."

ಅದನ್ನು ಹೇಳಲು ನಾನು ಬಗ್ಗುವಷ್ಟರಲ್ಲಿ ಅತ್ತೆ ರೆಪ್ಪೆ ಮುಚ್ಚಿಕೊಂಡರು. ಇನ್ನು ನನ್ನ ಯಾವ ಮಾತೂ ಅವರನ್ನು ಮುಟ್ಟುವಂತಿರಲಿಲ್ಲ.

ಬಣ್ಣದ ಮದ್ದು ಬಿಟ್ಟಾಗ ಪರದೆಯಲ್ಲಿ ನಾಳ ತುದಿಯವರೆಗೂ ಕಪ್ಪಗೆ ತುಂಬಿಕೊಂಡಿತು. ಹೊಗೆ ಏಳಲಿಲ್ಲ.

"ನಿಂತಿದೆ," ಎಂದರು ಡಾಕ್ಟರು.

ಅತ್ತೆಯ ಎದೆ ಮೆಲ್ಲಗೆ ಏರಿಳಿಯುತ್ತಿತ್ತು. ಆ ಒಂದು ಮಾತನ್ನು ತುಟಿಯ ಮೇಲೆ ಸಿದ್ಧವಾಗಿಟ್ಟುಕೊಂಡು, ಅವರು ಕಣ್ಣು ತೆರೆಯುವುದನ್ನೇ ಕಾಯುತ್ತ ನಿಂತೆ.