ಯಾರೂ ತಲೆಯಿಡದ ದಿಂಬು

ಆ ಬೀದಿಯವರು ಅವಳನ್ನು ದಿಂಬಿನಕ್ಕ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಸಂಜೆ ಮನೆಗೆ ಬಂದು ಒಲೆಯ ಮೇಲೆ ಪಾತ್ರೆ ಇಟ್ಟು, ಅದು ಕುದಿಯುವಷ್ಟರಲ್ಲಿ ಕಿಟಕಿಯ ಪಕ್ಕ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಇಳಿಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುವುದನ್ನು ನೋಡುತ್ತ ನೋಡುತ್ತ, ಬೀದಿಯ ಮೂಲೆಯ ಖಾಲಿ ಅಂಗಡಿ ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಒಳಗೆ ನೆಲದಿಂದ ಸೂರಿನವರೆಗೂ ಬಿಳಿ ದಿಂಬುಗಳು, ಮೋಡವೇ ದಣಿದು ಬಂದು ಕೂತ ಹಾಗೆ. ಪಾತ್ರೆ ಉಕ್ಕಿ ಒಲೆ ಚುಂಯ್ ಎಂದಾಗಲೇ ಅವಳಿಗೆ ಎಚ್ಚರ.

ದಿಂಬು ತುಂಬುವುದರಲ್ಲಿ ಅವಳದೊಂದು ನೇಮವಿತ್ತು. ಅವಳ ಅಪ್ಪ ಹಾಸಿಗೆ ಹೊಲಿಯುತ್ತಿದ್ದವರು. ಹತ್ತಿ ಕಡಿಮೆ ಹಾಕುವುದೆಂದರೆ ಗಿರಾಕಿಯ ಕಣ್ಣಿಗೆ ಮಣ್ಣೆರಚಿದ ಹಾಗೆ ಎನ್ನುತ್ತಿದ್ದರು. ಅಪ್ಪ ಹೋದ ಮೇಲೂ ಅವಳು ಆ ಮಾತು ಬಿಟ್ಟಿರಲಿಲ್ಲ. ಮೊಣಕಾಲು ಊರಿ, ಒತ್ತಿ ಒತ್ತಿ, ಹೊಲಿಗೆ ಇನ್ನೇನು ಬಿರಿಯುತ್ತದೆ ಎನ್ನುವವರೆಗೂ ತುಂಬುತ್ತಿದ್ದಳು. ಕೊಂಡವರು ಕೈಯಲ್ಲಿ ತೂಗಿ ನೋಡಿ, "ಮೋಸ ಇಲ್ಲದ ದಿಂಬು" ಎಂದು ಬಾಯ್ತುಂಬ ಹೊಗಳುತ್ತಿದ್ದರು. ಆದರೆ ಎರಡನೆಯ ದಿಂಬಿಗೆ ಯಾರೂ ಬರುತ್ತಿರಲಿಲ್ಲ.

"ಅಂಗಡಿ ಇಲ್ಲ, ಬೋರ್ಡಿಲ್ಲ, ಅದಕ್ಕೇ ಜನ ಬರ್ತಿಲ್ಲ" ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ಕೆಲಸ ಬಿಡುವುದು, ಮನೆಯವರೆಲ್ಲ ಸೇರಿ ಕೂಡಿಟ್ಟದ್ದನ್ನು ಸುರಿದು ಮೂಲೆಯ ಅಂಗಡಿ ಹಿಡಿಯುವುದು ಎಂಬುದು ಅವಳ ಲೆಕ್ಕ. ಬಾಡಿಗೆ ವ್ಯಾನ್ ಓಡಿಸುವ ಗಂಡ, "ನೀನು ಹೇಗೆ ಹೇಳ್ತೀಯೋ ಹಾಗೆ" ಎಂದಿದ್ದ. ಅಂಗಡಿಯ ಯಜಮಾನರು ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳು ಎಂದಿದ್ದರು.

ಇಸ್ತ್ರಿ ಅಂಗಡಿಯ ಅಕ್ಕನ ಕಿವಿಗೆ ವಿಷಯ ಬಿತ್ತು. ಮಡಿಸಿದ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು.

"ಅಂಗಡಿ ಎಲ್ಲೂ ಓಡಿಹೋಗಲ್ಲ ಕಣೇ. ಮೊದಲು ತರಬೇತಿಗೆ ಹೋಗು. ಸ್ವಂತ ಉದ್ಯೋಗ ಮಾಡೋರಿಗೆ ಅಂತಲೇ ಸಂಜೆ ಹೊತ್ತು ಕಲಿಸ್ತಾರೆ. ನಾನೂ ಅಲ್ಲೇ ಕಲಿತಿದ್ದು."

ಒಳಗಿನಿಂದ ಅತ್ತೆಯ ದನಿ ಬಂತು. "ದಿಂಬು ತುಂಬೋಕೂ ಶಾಲೆಯಾ? ಹಾಗಾದ್ರೆ ಮಲಗೋಕೆ ಕಾಲೇಜು ಇರಬೇಕು."

"ನಂಗೂ ಅವರು ಇಸ್ತ್ರಿ ಹಾಕೋದು ಕಲಿಸ್ಲಿಲ್ಲ ದೊಡ್ಡಮ್ಮ. ಯಾರಿಗೆ ಯಾವಾಗ ಬಟ್ಟೆ ಬೇಕು, ನನ್ನ ಹತ್ರಾನೇ ಯಾಕೆ ಬರಬೇಕು, ಅದನ್ನ ಕೇಳೋದು ಕಲಿಸಿದ್ರು."

"ನನ್ನ ಸೊಸೆ ಕೈಗೆ ಪಾಠ ಹೇಳೋರು ಇನ್ನೂ ಹುಟ್ಟಿಲ್ಲ ಬಿಡು. ಅವಳ ದಿಂಬಿಲ್ಲದೆ ನಂಗೆ ನಿದ್ದೆನೇ ಹತ್ತಲ್ಲ," ಎಂದು ಅತ್ತೆ ಕತ್ತು ನೀವಿಕೊಂಡರು.

ಅಕ್ಕ ಬಿಡುವವಳಲ್ಲ. ಮರುದಿನ ಸಂಜೆ ಕೈಹಿಡಿದು ಕರೆದುಕೊಂಡೇ ಹೋದಳು.

ಹಳೆಯ ಗೋದಾಮಿನ ಮಹಡಿಯಲ್ಲಿ ತರಬೇತಿ. ಕಲಿಸುವ ಮೇಡಂ ಮೆಲುದನಿಯವರು. "ಎಲ್ಲರೂ ಕಣ್ಣು ಮುಚ್ಚಿ. ನಿಮ್ಮ ಅಂಗಡಿ ಒಳಗೆ ಹೋಗಿ. ಅಲ್ಲಿ ಯಾರಿದ್ದಾರೆ, ಹೇಳಿ," ಎಂದರು.

ಅವಳು ಹೋದಳು. ಬಿಳಿ ದಿಂಬುಗಳಿದ್ದವು, ಕಿಟಕಿಯಿಂದ ಬೆಳಕು ಸುರಿಯುತ್ತಿತ್ತು, ಎಳೆಗಳು ತೇಲುತ್ತಿದ್ದವು. ಎಷ್ಟು ಹುಡುಕಿದರೂ ಒಬ್ಬ ಮನುಷ್ಯನೂ ಇಲ್ಲ.

"ಯಾರೂ ಇಲ್ಲ ಮೇಡಂ," ಎಂದಳು ಸಣ್ಣಗೆ.

"ಮೊದಲ ದಿನ ಎಲ್ಲರ ಅಂಗಡೀನೂ ಖಾಲಿನೇ. ನಿಮ್ಮ ದಿಂಬು ಕೊಂಡವರ ಮನೆಗೊಂದು ಸಲ ಹೋಗಿ ಬನ್ನಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ. ದಿಂಬು ಎಲ್ಲಿದೆ ಅಂತ ಮಾತ್ರ ನೋಡ್ಕೊಂಡು ಬನ್ನಿ."

ರಜೆಯ ದಿನ ಬೆಳಿಗ್ಗೆ ಹೊರಟಳು. ಪುಸ್ತಕಕ್ಕೆ ರಟ್ಟು ಕಟ್ಟುವವನ ಮನೆಯಲ್ಲಿ ಅವಳ ದಿಂಬು, ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಕೂತಿತ್ತು. ಎದುರು ಮನೆಯ ತಾತ ಅದರ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. "ಸ್ಟೂಲೇ ಬೇಡಮ್ಮ, ಅಷ್ಟು ಚೆನ್ನಾಗಿದೆ," ಎಂದು ಮೆಚ್ಚಿ ತಟ್ಟಿದರು. ಅವಳಿಗೆ ನಗು ಬಂತು. ಬೀದಿಗೆ ಇಳಿದ ಮೇಲೆ ಆ ನಗು ಉಳಿಯಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಅತ್ತೆ ಮಲಗುವ ಹೊತ್ತು. ಅವರ ಕೋಣೆಯ ಬಾಗಿಲು ಮೆಲ್ಲಗೆ ಸರಿಸಿದಳು. ತಾನು ಮದುವೆಯಾಗಿ ಬಂದ ವರ್ಷ ಮಾಡಿಕೊಟ್ಟ ದಿಂಬು, ಕಸೂತಿಯ ಗವಸು ಹಾಕಿಸಿಕೊಂಡು, ಗೋಡೆಗೆ ಒರಗಿ ನೆಟ್ಟಗೆ ಕೂತಿತ್ತು. ಅತ್ತೆಯ ತಲೆ ಇದ್ದದ್ದು ಮಡಿಸಿಟ್ಟ ಹಳೆಯ ಶಾಲಿನ ಮೇಲೆ.

ಅತ್ತೆ ಕಣ್ಣು ಬಿಟ್ಟರು. ಇಬ್ಬರ ಕಣ್ಣೂ ದಿಂಬಿನ ಕಡೆ ಹೋಯಿತು.

"ಯಾಕೆ ಹೇಳ್ಲಿಲ್ಲ ಅತ್ತೆ?"

"ನಿಮ್ಮಪ್ಪನ ಹೆಸರು ಹೇಳ್ಕೊಂಡು ಅಷ್ಟು ಪ್ರೀತಿಯಿಂದ ತಂದುಕೊಟ್ಟೆ. ಬಂಡೆ ಥರ ಇದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಎಲ್ಲರೂ ಹೀಗೇ ಸುಮ್ಮನಿದ್ರು. ನಾನು ಅಂಗಡಿ ಹಾಕಿ ಮುಳುಗಿಹೋಗ್ತಿದ್ದೆ."

ಅತ್ತೆಯ ಮುಖ ಸಣ್ಣದಾಯಿತು. ಎದ್ದು ಕೂತು ಗವಸು ಬಿಚ್ಚಿದರು. "ಕತ್ತರಿ ತಗೊಂಡು ಬಾ. ನಾನು ಸಾಕು ಅನ್ನೋವರೆಗೂ ಹತ್ತಿ ತೆಗಿ."

ಒಂದು ಹಿಡಿ ತೆಗೆದಳು. ಅತ್ತೆ ತಲೆಯಿಟ್ಟು, "ಊಹೂಂ" ಎಂದರು. ಇನ್ನೊಂದು ಹಿಡಿ. ಮತ್ತೊಂದು. ನೆಲದ ಮೇಲೆ ಬಿಳಿ ರಾಶಿ ಬೆಳೆಯುತ್ತ ಹೋಯಿತು. ಅವಳ ಕೈ ನಿಂತಿತು.

"ಅಪ್ಪನ ಮಾತು ಮೀರ್ತಿದ್ದೀನಿ ಅನ್ಸುತ್ತೆ ಅತ್ತೆ."

"ನಿಮ್ಮಪ್ಪ ಹೇಳಿದ್ದು ಹಾಸಿಗೆಗೆ ಕಣಮ್ಮ. ಹಾಸಿಗೆ ಮೈಭಾರ ಹೊರಬೇಕು. ದಿಂಬು ಸುಮ್ಮನೆ ತಲೆ ಹಿಡ್ಕೊಂಡರೆ ಸಾಕು, ತಾಯಿ ಅಂಗೈ..."

ಮಾತು ಅಲ್ಲೇ ನಿಂತಿತು. ಅತ್ತೆಗೆ ನಿದ್ದೆ ಹತ್ತಿತ್ತು. ಹತ್ತಿಯ ಎಳೆಯೊಂದು ಅವರ ಹಣೆಯ ಮೇಲೆ ಇಳಿದು, ಉಸಿರಿನೊಂದಿಗೆ ಮೆಲ್ಲಗೆ ಅಲುಗುತ್ತಿತ್ತು. ಅವಳು ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.

ಮುಂದಿನ ತರಬೇತಿಯ ಸಂಜೆ ಅವಳು ಹೇಳಿದ್ದನ್ನೆಲ್ಲ ಕೇಳಿ ಮೇಡಂ ತರಗತಿಯ ಕಡೆ ತಿರುಗಿದರು. "ಇಲ್ಲಿ ಕಲಿತವರೆಲ್ಲ ನಾಳೆಯೇ ಅಂಗಡಿ ಹಾಕಬೇಕು ಅಂತಿಲ್ಲ. ಇರೋ ಕೆಲಸ ಬಿಡದೆ ಮನೆಯಿಂದಲೇ ಸಣ್ಣದಾಗಿ ಶುರು ಮಾಡಬಹುದು. ಅದೇ ಕಸುಬಿನ ಅಂಗಡೀಲಿ ಕೆಲವು ಕಾಲ ನಿಂತು ವ್ಯಾಪಾರ ಕಲೀಬಹುದು. ನಿಮಗೆ ಬಾರದ ಕೆಲಸ ಗೊತ್ತಿರೋರ ಜೊತೆ ಪಾಲುದಾರರಾಗಬಹುದು. ಮಾಲೀಕತನ ನನಗಲ್ಲ, ಒಳ್ಳೆ ಕೆಲಸಗಾರ ಆಗಿರ್ತೀನಿ ಅಂತ ತಿಳಿದರೆ ಅದೂ ಲಾಭವೇ. ದಾರಿ ಆರಿಸಿಕೊಳ್ಳಿ, ಜೊತೆಗೆ ನಾವಿರ್ತೀವಿ."

ತಿಂಗಳ ಕೊನೆಗೆ ಅವಳು ಅಂಗಡಿಯ ಯಜಮಾನರಿಗೆ ಊಹೂಂ ಎಂದಳು. ಆಸ್ಪತ್ರೆಯ ಕೆಲಸ ಬಿಡಲಿಲ್ಲ. ರಜೆಯ ದಿನಗಳಲ್ಲಿ ಮಾರುಕಟ್ಟೆಯ ಹಾಸಿಗೆ ಅಂಗಡಿಯೊಂದರಲ್ಲಿ ನಿಂತು, ಜನ ಏನು ಮುಟ್ಟಿ ನೋಡುತ್ತಾರೆ, ಯಾಕೆ ಬಿಟ್ಟುಹೋಗುತ್ತಾರೆ ಎಂದು ಕಲಿಯತೊಡಗಿದಳು. ಈಗ ಯಾರು ದಿಂಬು ಕೇಳಿದರೂ ಅವಳ ಮೊದಲ ಪ್ರಶ್ನೆ, "ನೀವು ಹೇಗೆ ಮಲಗ್ತೀರಿ?" ತಾತ ಬೂಟು ಹಾಕಿಕೊಳ್ಳಲು ಹಳೆಯದನ್ನೇ ಇಟ್ಟುಕೊಂಡು, ತಲೆಗೆಂದು ಹೊಸದೊಂದು ಕೊಂಡರು. ರಟ್ಟು ಕಟ್ಟುವವನು ಎರಡನೆಯ ದಿಂಬಿಗೆ ಬಂದ, ತಂಗಿಯನ್ನೂ ಕರೆತಂದ.

ಮೂಲೆಯ ಅಂಗಡಿಯಲ್ಲಿ ಈಗ ಯಾರೋ ಚಪ್ಪಲಿ ಮಾರುತ್ತಾರೆ. ಅವಳಿಗೆ ಬೇಸರವಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟು ಕಣ್ಣು ಮುಚ್ಚಿದರೆ ಅವಳ ಅಂಗಡಿ ಇನ್ನೂ ಬರುತ್ತದೆ. ಈಗ ಅದರ ತುಂಬ ಜನ. ನಡುವೆ ಕುರ್ಚಿ ಹಾಕಿಕೊಂಡು ಕೂತ ಅತ್ತೆ ಬಂದವರಿಗೆಲ್ಲ ಹೇಳುತ್ತಿರುತ್ತಾರೆ, "ಕತ್ತು ನೋವಿದ್ರೆ ಬಾಯಿಬಿಟ್ಟು ಹೇಳ್ರಪ್ಪಾ, ನನ್ನ ಹಾಗೆ ಸುಮ್ಮನಿರಬೇಡಿ."

ಇದನ್ನು ಕೇಳುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮ, ನಿಮ್ಮ ಕಣ್ಣೊಳಗೂ ಇಂಥದೊಂದು ಅಂಗಡಿ ಇರಬಹುದು. ಅದರ ಬಾಗಿಲು ತೆರೆಯಲು ಆತುರ ಬೇಡ. ಮೊದಲು ಒಳಗೆ ಯಾರಿದ್ದಾರೆ ನೋಡಿ. ಯಾರೂ ಕಾಣದಿದ್ದರೆ ಕನಸು ಬಿಡಬೇಡಿ, ಹತ್ತಿರದ ಸ್ವಉದ್ಯೋಗ ತರಬೇತಿ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ, ಒಂದು ಸಂಜೆ ಹೋಗಿ ಕೂತುಬನ್ನಿ. ಮನೆಯಲ್ಲಿರುವವರಿಗೂ ಒಂದು ಮಾತು: ನಿಮ್ಮವರು ತಾವು ಮಾಡಿದ್ದನ್ನು ತಂದು ನಿಮ್ಮ ಕೈಗಿಟ್ಟಾಗ, ಪ್ರೀತಿಗಾಗಿ ನಿಜ ಮುಚ್ಚಿಡಬೇಡಿ. ಪ್ರೀತಿಯಿಂದಲೇ ಹೇಳಿ.