ಸೊಸೆಯ ತಗಡಿನ ಡಬ್ಬಿ

ದೇವಯಾನಿಗೆ ಸೊಸೆಯ ಮೇಲೆ ಅನುಮಾನ ಹುಟ್ಟಿದ್ದೇ ಆ ತಗಡಿನ ಡಬ್ಬಿಯಿಂದ. ಊಟವಾದ ಮೇಲೆ ರೆಜಿತಾ ಅದನ್ನು ಅಕ್ಕಿ ಡ್ರಮ್ಮಿನ ಹಿಂದಿನಿಂದ ತೆಗೆದು, ಆ ಕಡೆ ಈ ಕಡೆ ನೋಡಿ, ಗಂಡನ ಅಂಗೈಗೆ ಏನೋ ಹಾಕುತ್ತಿದ್ದಳು. ಅವನು ಗುಳಕ್ಕನೆ ನುಂಗುತ್ತಿದ್ದ. ಕೇಳಿದರೆ ಇಬ್ಬರದೂ ಒಂದೇ ಮಾತು: "ಏನಿಲ್ಲಮ್ಮ."

ಏನಿಲ್ಲವಂತೆ! ಕಾಯಲಿನ ಹಿನ್ನೀರಿನಲ್ಲಿ ಮುಳುಗಿ ಕಪ್ಪೆಚಿಪ್ಪು ಹೆಕ್ಕುವ ಗಟ್ಟಿ ಆಳು ಮಗ ಸುಧನ್. ಮಳೆಗಾಲವೆಲ್ಲ ದೋಣಿ ಮುಟ್ಟದೆ, ಅನ್ನ ಮುಟ್ಟದೆ, ಗೋಡೆ ನೋಡುತ್ತ ಕೂತಿದ್ದ. ಈಗ ಹೆಂಡತಿ ಕೆಮ್ಮಿದರೂ ನಗುತ್ತಾನೆ. ಮದ್ದು ಹಾಕದೆ ಗಂಡಸು ಹೀಗೆ ಬದಲಾಗುತ್ತಾನಾ? ಕೈವಿಷ, ಅನುಮಾನವೇ ಇಲ್ಲ ಎಂದುಕೊಂಡಳು ದೇವಯಾನಿ.

ಅದರ ಮೇಲೆ ಅವನಿಗೆ ಸೊಂಟ ಹಿಡಿದುಕೊಂಡಿತು. ದೇವಯಾನಿಯ ಬಳಿ ತನ್ನ ಮೊಣಕಾಲಿನ ಆಪರೇಷನ್ನಿನಲ್ಲಿ ಕೊಟ್ಟಿದ್ದ ನೋವಿನ ಮಾತ್ರೆ ಉಳಿದಿತ್ತು, ತಗೋ ಮಗನೇ ಎಂದು ಹಿಡಿದಳು. "ಬೇಡಮ್ಮ, ಕೇಳದೆ ಯಾವ ಮಾತ್ರೆಯನ್ನೂ ತಗೊಳ್ಳೋ ಹಾಗಿಲ್ಲ" ಅಂದುಬಿಟ್ಟ. ಯಾರನ್ನು ಕೇಳಬೇಕು? ಅವಳನ್ನೇ ಇರಬೇಕು. ತಾಯಿಯ ಹೊಟ್ಟೆ ಉರಿದುಹೋಯಿತು.

ಮಾರನೆಯ ದಿನ ಬೆಳಿಗ್ಗೆ ಗಂಜಿ ಕುಡಿದು ಎದ್ದವನು ಅಂಗಳದಲ್ಲೇ ಕುಸಿದ. ಮೈ ಕೆಂಡ, ಬೆವರು ಧಾರೆ, ಹಲ್ಲು ಕಟಕಟ. ಕಣ್ಣಿನ ಪಾಪೆ ದೊಡ್ಡದಾಗಿ, ಯಾರನ್ನೋ ಬೈಯುತ್ತಿದ್ದ. ಕಾಲುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು.

"ದೇವಸ್ಥಾನಕ್ಕೆ ಬಿಡೋ ಪುಷ್ಕರಾ!" ನೆರೆಮನೆಯವನ ಆಟೋ ಹತ್ತುತ್ತಲೇ ದೇವಯಾನಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಅಲ್ಲಿ ಕೈವಿಷಕ್ಕೆ ಕೊಡೋ ಸೊಪ್ಪಿನ ರಸ ಕುಡಿಸಿದ್ರೆ ಇವಳು ಹಾಕಿದ್ದೆಲ್ಲ ವಾಂತಿಯಾಗಿ ಹೊರಗೆ ಬರುತ್ತೆ!"

"ಆಸ್ಪತ್ರೆಗೆ ಬಿಡಿ ಚೇಟಾ, ನನ್ನಣ್ಣ ಅಲ್ವಾ," ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡ ರೆಜಿತಾ ಹೇಳಿದಳು. "ಇಲ್ಲಾಂದ್ರೆ ಇವರನ್ನ ಹೊತ್ಕೊಂಡು ನಡೀತೀನಿ."

"ಮುಚ್ಚೇ ಬಾಯಿ, ಮಾಟಗಾತಿ!"

ಪುಷ್ಕರನ್ ಕನ್ನಡಿಯಲ್ಲಿ ಸುಧನನ ಮುಖ ನೋಡಿದ. ಆಟೋವನ್ನು ಆಸ್ಪತ್ರೆಯ ಕಡೆ ತಿರುಗಿಸಿದ.

ಅಲ್ಲಿ ಡಾಕ್ಟರಮ್ಮ ಸುಧನನ ಪಾದವನ್ನು ಗಕ್ಕನೆ ಮೇಲಕ್ಕೆ ಮಡಚಿ ಹಿಡಿದರು. ಪಾದ ಟಪಟಪ ಹೊಡೆದುಕೊಳ್ಳತೊಡಗಿತು, ನಿಲ್ಲಲೇ ಇಲ್ಲ. ಅವರ ಮುಖ ಗಂಭೀರವಾಯಿತು. "ಏನು ಮಾತ್ರೆ ತಗೋತಾರೆ ಇವರು?"

"ಕೇಳಿ ಇವಳನ್ನ! ಡಬ್ಬಿ ತೆಗಿಯೇ!"

ರೆಜಿತಾ ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟಳು. "ಮನಸ್ಸು ಕುಗ್ಗಿದ್ದಕ್ಕೆ ಡಾಕ್ಟ್ರೇ ಕೊಟ್ಟಿದ್ದು, ಕೆಲವು ತಿಂಗಳಿಂದ ತಗೋತಿದ್ದಾರೆ. ಹುಚ್ಚ ಅಂತಾರೆ, ಅಮ್ಮನಿಗೂ ಹೇಳ್ಬೇಡ ಅಂತ ಇವರೇ ಆಣೆ ಹಾಕಿಸಿದ್ರು."

"ತಿಂಗಳುಗಟ್ಟಲೆ ತಗೊಂಡಿರೋ ಇದೊಂದರಿಂದ ಹೀಗಾಗಲ್ಲ. ಮೇಲೆ ಇನ್ನೇನೋ ಬಿದ್ದಿದೆ. ಕೆಮ್ಮಿನ ಔಷಧಿ? ನೋವಿನ ಮಾತ್ರೆ? ಬೇಗ ಹೇಳಿ, ಜೀವದ ಪ್ರಶ್ನೆ."

"ಏನೂ ತಗೊಂಡಿಲ್ಲ, ದೇವರಾಣೆ," ರೆಜಿತಾ ಅಳತೊಡಗಿದಳು.

ದೇವಯಾನಿ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮಂಚದ ಮೇಲೆ ಒದ್ದಾಡುತ್ತಿರುವವನು ತಾನು ಹೆತ್ತ ಮಗ.

"ತಗೊಂಡಿದ್ದಾನೆ," ಎಂದಳು. "ಅವನಿಗೇ ಗೊತ್ತಿಲ್ಲ. ಬೇಡ ಅಂದ ಅಂತ, ನನ್ನ ಮಾತ್ರೆ ಪುಡಿ ಮಾಡಿ ಗಂಜಿಗೆ ಹಾಕಿದೆ. ನಿನ್ನೆ ಎರಡು ಸಲ. ಇವತ್ತು ಬೆಳಿಗ್ಗೆ ಜಾಸ್ತೀನೇ ಹಾಕಿದೆ." ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಪಟ್ಟಿ ಕೊಟ್ಟಳು.

ಡಾಕ್ಟರಮ್ಮ ಹೆಸರು ಓದಿದರು. "ಎರಡೂ ಸೇರಿದ್ರೆ ಮೈಯಲ್ಲಿ ಸೆರೊಟೋನಿನ್ ಅನ್ನೋದು ಉಕ್ಕಿಬಿಡುತ್ತೆ. ಅದಕ್ಕೇ ಈ ನಡುಕ, ಈ ಜ್ವರ. ಎರಡೂ ಬಂದ್! ಸಿಸ್ಟರ್, ನಡುಕ ಇಳಿಸೋ ಇಂಜೆಕ್ಷನ್ ತನ್ನಿ, ಡ್ರಿಪ್ ಹಾಕಿ, ಮೈಗೆ ತಣ್ಣೀರು ಬಟ್ಟೆ, ಫ್ಯಾನು." ಕೈ ಕೆಲಸ ಮಾಡುತ್ತಲೇ ಇತ್ತು. "ಈ ಸ್ಥಿತಿಯಲ್ಲಿ ವಾಂತಿ ಮಾಡಿಸೋಕೆ ಹೋಗಿದ್ರೆ ಉಸಿರೇ ಕಟ್ಟಿಬಿಡ್ತಿತ್ತು."

ದೇವಯಾನಿ ನೆಲದ ಮೇಲೆ ಕುಕ್ಕರಿಸಿದಳು. ರೆಜಿತಾ ಅವಳತ್ತ ನೋಡಲಿಲ್ಲ, ಬಟ್ಟೆ ನೆನೆಸಿ ಗಂಡನ ಎದೆ ಒರೆಸುತ್ತಿದ್ದಳು. ಸಂಜೆಯ ಹೊತ್ತಿಗೆ ಕಾಲಿನ ನಡುಕ ಇಳಿಯಿತು. ಮಾರನೆಯ ದಿನ ಜ್ವರ ಬಿಟ್ಟು, ಸುಧನ್ ಚಹಾ ಕೇಳಿದ.

ಮನೆಗೆ ಕರೆದೊಯ್ಯಲು ಪುಷ್ಕರನೇ ಬಂದ. ಗೇರ್ ಹಾಕುತ್ತ ಮೆಲ್ಲಗೆ ಕೆದಕಿದ, "ಮದ್ದು ಹಾಕಿದ್ದು ಯಾರು ಅಂತ ಗೊತ್ತಾಯ್ತಾ, ಅಮ್ಮಾ?"

"ಏನಿಲ್ಲ ಚೇಟಾ, ನೀವು ಓಡಿಸಿ," ರೆಜಿತಾ ತಟ್ಟನೆ ಅಂದಳು.

"ಏನಿಲ್ಲ ಅನ್ಬೇಡ ಕಣೇ," ದೇವಯಾನಿಯ ದನಿ ಒಡೆಯಿತು. "ಹಾಕಿದವಳು ನಾನು ಕಣೋ ಪುಷ್ಕರಾ, ನನ್ನ ಮಗನಿಗೆ, ನನ್ನ ಕೈಯಾರೆ. ನಮ್ಮ ಬೀದಿಗೆ ತಿರುಗಿದ ಮೇಲೆ ನಿಧಾನಕ್ಕೆ ಓಡಿಸು. ಇವಳ ಹೆಸರು ಎಷ್ಟು ಜೋರಾಗಿ ಕೂಗಿದ್ನೋ, ನನ್ನ ಹೆಸರನ್ನೂ ಅಷ್ಟೇ ಜೋರಾಗಿ ಕೂಗ್ಬೇಕು."