ಮೇಲೆ ಜನ ಇದ್ದಾರೆ

ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳನ್ನು ಗುಬ್ಬಿ ನನ್ನ ಮಡಿಲಲ್ಲಿಟ್ಟಾಗ ಮಧ್ಯಾಹ್ನ ಮೂರೂಕಾಲು. ಅವನ್ನು ಕಿತ್ತರೆ ಇಡೀ ರಸ್ತೆಯ ತಂತಿಗೆ ಕರೆಂಟ್ ಬರುವಂತಿಲ್ಲ. ರಸ್ತೆ ತಿರುವಿನ ಫ್ಯೂಸ್ ಪೆಟ್ಟಿಗೆಯ ಪಕ್ಕದಲ್ಲಿ ನನಗೊಂದು ಸ್ಟೂಲು ತಂದಿಟ್ಟು, ಬಿಸಿಲಿಗೆ ಕಾದಿದೆಯೇನೋ ಎಂದು ಅಂಗೈಯಿಂದ ಮುಟ್ಟಿ ನೋಡಿ, ತನ್ನ ಟವಲನ್ನು ಮಡಿಸಿ ಅದರ ಮೇಲೆ ಹಾಸಿದ್ದ.

"ಇವತ್ತು ಗುರುಗಳ ದಿನ ಅಲ್ವಾ ಅಕ್ಕ, ಅವರ ಕಾಲದ ಹಾಗೇ ಆಗ್ಲಿ. ನಾನು ಕೆಳಗೆ ಬಂದು ಕೈ ಚಾಚೋ ತನಕ ಯಾರಿಗೂ ಕೊಡಬೇಡಿ."

"ದೇವರೇ ಬಂದು ಕೇಳಿದ್ರೆ?"

"ದೇವರಿಗೆ ಕರೆಂಟ್ ಯಾಕೆ ಬೇಕು?" ಎಂದು ನಗುತ್ತಾ ಹೋದ. ನನಗೆ ನಗು ಬರಲಿಲ್ಲ.

ಗುಬ್ಬಿಗೆ ಈಗ ಐವತ್ತೆರಡು. ಕಂಬದ ಮೇಲೆ ಕುಳಿತರೆ ಹಕ್ಕಿಯಷ್ಟೇ ಕಾಣುವ ಅವನಿಗೆ ಆ ಹೆಸರಿಟ್ಟವನು ನಮ್ಮಪ್ಪ. ಕೆಲಸ ಕಲಿಸಿದವನೂ ಅಪ್ಪನೇ. ಮೂವತ್ತೆಂಟು ವರ್ಷ ಲೈನ್‌ಮನ್ ಆಗಿದ್ದ ಅಪ್ಪ ಹೋದ ವರ್ಷ ಇದೇ ದಿನ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೋದ. "ಕಂಬ ಹತ್ತಿದವನು ಹಾಸಿಗೆಯಲ್ಲಿ ಸತ್ತರೆ ಅದು ಬಡ್ತಿ" ಎನ್ನುತ್ತಿದ್ದ. ಆ ಬಡ್ತಿ ಅವನಿಗೆ ಸಿಕ್ಕಿತು.

ನಾಲ್ಕು ಗಂಟೆಗೆ ನೌಕರರ ಸಂಘದ ಸಭಾಂಗಣದಲ್ಲಿ ಅಪ್ಪನ ಫೋಟೊ ತೂಗುಹಾಕುವುದಿತ್ತು. ಏರ್ಪಾಡೆಲ್ಲ ನನ್ನ ತಮ್ಮನದು. ಬೆಳಿಗ್ಗೆಯ ಗಾಳಿಗೆ ಕೊಂಬೆಯೊಂದು ಮುರಿದು ತಂತಿಗಳ ಮೇಲೆ ಬಿದ್ದು ಇಡೀ ರಸ್ತೆಗೆ ಕರೆಂಟ್ ಹೋದಾಗಿನಿಂದ ಅವನು ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಮೈಕ್ ಇಲ್ಲ, ಫ್ಯಾನ್ ಇಲ್ಲ. ಅದು ಸಾಲದೆಂಬಂತೆ, ಫೋಟೊ ಪಕ್ಕದಲ್ಲಿ ಇಡಲು ತಾನೇ ತಿಕ್ಕಿ ಬೆಳಗಿಸಿದ್ದ, ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ ಕಬ್ಬಿಣದ ಸರಪಳಿಯೂ ಮೇಜಿನ ಮೇಲಿಂದ ಕಾಣೆಯಾಗಿತ್ತು. "ಸತ್ತವರ ಸಾಮಾನನ್ನೂ ಬಿಡಲ್ಲ ಜನ" ಎಂದು ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದಿದ್ದ.

ಮುರಿದ ಕೊಂಬೆ ಇದ್ದದ್ದು ನನ್ನಿಂದ ಮೂರು ಕಂಬ ಆಚೆ. ಎಲೆಗಳ ನಡುವೆ ಗುಬ್ಬಿಯ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ನಾನು ಅವನ್ನೇ ನೋಡುತ್ತ ಕುಳಿತೆ.

ಮೊದಲ ಸಲ ಹೀಗೆ ಕುಳಿತಾಗ ನನಗೆ ಎಂಟು ವರ್ಷ. ಅಂದು ಅಪ್ಪನ ಜೊತೆಯವನು ರಜೆಯಲ್ಲಿದ್ದ. ಫ್ಯೂಸುಗಳನ್ನು ಕಿತ್ತು ನನ್ನ ಲಂಗದಲ್ಲಿ ಹಾಕಿ, "ಇವು ನಿನ್ನ ಹತ್ತಿರ ಇರೋ ತನಕ ನಾನೂ ನಿನ್ನ ಹತ್ತಿರ ಇರ್ತೀನಿ" ಎಂದ. ಸಮಾಧಾನಕ್ಕೆಂದು ಹೇಳಿದ ಆ ಮಾತು ಕೇಳಿ ನಾನು ಲಂಗವನ್ನು ಎರಡೂ ಕೈಯಲ್ಲಿ ಗಂಟಿನಂತೆ ಹಿಡಿದುಕೊಂಡೆ. ಸಾಹೇಬರೊಬ್ಬರು ಬಂದು, "ಮಗು, ಅದನ್ನ ಇಲ್ಲಿ ಕೊಡು" ಎಂದಾಗ ಫ್ಯೂಸುಗಳ ಮೇಲೆಯೇ ಕುಳಿತುಬಿಟ್ಟೆ. "ಮೇಲೆ ಜನ ಇದ್ದಾರೆ" ಎಂದೆ. ಅದು ಅಪ್ಪನ ಮಾತು. ದೀಪ ಹೋದಾಗ ಎಲ್ಲರ ಮನೆಯಲ್ಲೂ ಬೈಗುಳ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಗೊಣಗುವಂತಿರಲಿಲ್ಲ. ಮೇಲೆ ಜನ ಇದ್ದಾರೆ, ಸುಮ್ಮನಿರಿ.

ಅಪ್ಪ ಇಳಿದು ಬಂದು ಕೈ ಚಾಚಿದರೂ ನಾನು ಕೊಟ್ಟಿರಲಿಲ್ಲ. "ಎರಡೂ ಕಾಲು ನೆಲದ ಮೇಲೆ ಇವೆಯಾ?" ಎಂದು ಕೇಳಿದ್ದೆ. ಅಪ್ಪ ಎರಡು ಸಲ ಕುಪ್ಪಳಿಸಿ ತೋರಿಸಿದ್ದ.

ಹಾಗೆ ನೆನೆಯುತ್ತ ಕುಳಿತಿದ್ದಾಗ ಬೆನ್ನ ಹಿಂದೆ, ಸಭಾಂಗಣದ ಕಡೆಯಿಂದ, ಇಂಜಿನ್ನಿನ ಡುಗುಡುಗು ಸದ್ದು ಕೇಳಿತು. ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ತಮ್ಮ ಜನರೇಟರ್ ತರಿಸಿದ್ದಾನೆ. ಪಾಪ, ಮೈಕಿಗಾಯಿತು ಅಂದುಕೊಂಡೆ. ಆಮೇಲೆ ಹಿಟ್ಟಿನ ಗಿರಣಿ ನೆನಪಾಯಿತು.

ಅಪ್ಪ ಫ್ಯೂಸ್ ಕೀಳುವ ಮೊದಲು ಹಿಟ್ಟಿನ ಗಿರಣಿಗೆ ಹೋಗುತ್ತಿದ್ದ. ಆ ಬೀದಿಯಲ್ಲಿ ಸ್ವಂತ ಇಂಜಿನ್ ಇದ್ದದ್ದು ಗಿರಣಿಯವನಿಗೆ ಮಾತ್ರ. "ಯಜಮಾನ್ರೇ, ನಾನು ಇಳಿಯೋವರೆಗೆ ಇಂಜಿನ್ ಮುಟ್ಟಬೇಡಿ" ಎಂದು ಕೈಮುಗಿದು ಬರುತ್ತಿದ್ದ. ಕಾರಣವನ್ನು ನನಗೂ ಬಿಡಿಸಿ ಹೇಳಿದ್ದ: ಮನೆಯ ಮೇನ್ ಸ್ವಿಚ್ ಆರಿಸದೆ ಇಂಜಿನ್ನಿನ ಕರೆಂಟನ್ನು ಬೋರ್ಡಿಗೆ ಕೊಟ್ಟರೆ ಅದು ಮನೆಯೊಳಗೆ ಮಾತ್ರ ನಿಲ್ಲುವುದಿಲ್ಲ, ಬಂದ ದಾರಿಯಲ್ಲೇ ಬೀದಿಯ ತಂತಿಗೆ ವಾಪಸು ಹೋಗುತ್ತದೆ. ಆಗ ಕಿತ್ತಿಟ್ಟ ಫ್ಯೂಸಿಗೆ ಬೆಲೆಯಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆ ಸದ್ದಿನಲ್ಲಿ ಎಲ್ಲಿ ಕೇಳಬೇಕು? ಗುಬ್ಬಿಯನ್ನು ಕೂಗೋಣವೆಂದು ಬಾಯಿ ತೆರೆದೆ, ತೆರೆದದ್ದನ್ನು ಮುಚ್ಚಿದೆ. ಮೇಲಿರುವವನನ್ನು ಕೂಗಬಾರದು, ತಿರುಗಿ ನೋಡುವಾಗ ಕೈ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಅದೂ ಅಪ್ಪ ಹೇಳಿದ್ದೇ.

ಆ ಎರಡು ಪಾದಗಳಿಗೆ ಬೆನ್ನು ಹಾಕಿ ನಡೆಯಬೇಕಾಯಿತು. ಸಭಾಂಗಣ ಹೆಚ್ಚೆಂದರೆ ನೂರು ಹೆಜ್ಜೆ. ನನ್ನ ಮಂಡಿಗಳು ಎರಡು ವರ್ಷದಿಂದ ಹತ್ತು ಹೆಜ್ಜೆಗೊಂದು ವಿಶ್ರಾಂತಿ ಕೇಳುತ್ತವೆ. ಅಂದು ಕೇಳಿದವೋ ಇಲ್ಲವೋ ಗೊತ್ತಿಲ್ಲ. ಫ್ಯೂಸುಗಳನ್ನು ಎದೆಗವಚಿಕೊಂಡು ಗೋಡೆ ಹಿಡಿದು ನಡೆದೆ. ಹಿಂದಿನಿಂದ ಏನೋ ಧೊಪ್ಪೆಂದು ಬಿದ್ದ ಸದ್ದಾಯಿತು. ಕೊಂಬೆ ಇರಬೇಕು, ಕೊಂಬೆಯೇ ಇರಬೇಕು ಎಂದುಕೊಂಡೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬಾಗಿಲ ಪಕ್ಕದ ಬೋರ್ಡಿನ ಮುಂದೆ ಜನರೇಟರಿನವನು ವೈರು ಬಿಗಿಯುತ್ತಿದ್ದ. ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೆ.

"ಅಮ್ಮ, ಕೈ ತೆಗೀರಿ, ಶಾಕ್ ಹೊಡೆಯುತ್ತೆ."

ತಮ್ಮ ಓಡಿಬಂದ. "ಏನಕ್ಕ ಇದು? ಜನ ಬರೋ ಹೊತ್ತಾಯ್ತು."

ಫ್ಯೂಸುಗಳನ್ನು ತೋರಿಸಿದೆ. "ಮೇಲೆ ಜನ ಇದ್ದಾರೆ."

ಜನರೇಟರಿನವನು ವಾದಕ್ಕೆ ನಿಲ್ಲಲಿಲ್ಲ. ನೇರವಾಗಿ ಹೋಗಿ ಇಂಜಿನ್ ಆರಿಸಿ, ವೈರನ್ನು ಕಿತ್ತು, ಕುರ್ಚಿಯೊಂದನ್ನು ತೋಳಿನಿಂದ ಒರೆಸಿ ನನ್ನ ಹಿಂದೆ ಸರಿಸಿದ. ಮುಖ ಬಿಳಿಚಿತ್ತು. "ಅಮ್ಮ, ಲೈನಲ್ಲಿ ಜನ ಇರೋದು ನಂಗೆ ಯಾರೂ ಹೇಳ್ಲಿಲ್ಲ. ಆಗ್ಲೇ ಮೇನ್ ಆಫ್ ಮಾಡದೇ ಒಂದ್ಸಲ ಸ್ವಿಚ್ ಹಾಕಿಬಿಟ್ಟೆ. ಹಾಕಿದ ತಕ್ಷಣ ಇಂಜಿನ್ ಮುಗ್ಗರಿಸಿ ನಿಂತೋಯ್ತು."

ನಾನು ಕೂರಲಿಲ್ಲ.

ಹಿಂತಿರುಗಿ ನಡೆದ ದಾರಿ ನನಗೆ ನೆನಪಿಲ್ಲ. ಕಂಬದ ಬುಡದಲ್ಲಿ ಗುಬ್ಬಿಯ ಚಪ್ಪಲಿ ಜೋಡಿಸಿಟ್ಟಂತೆಯೇ ಇದ್ದವು, ಒಂದರೊಳಗೆ ಅವನ ಮೊಬೈಲು. ಪಕ್ಕದಲ್ಲಿ ಕಡಿದು ಬಿದ್ದ ಕೊಂಬೆ. ಮೇಲೆ ಎರಡು ಪಾದಗಳು. ಅವು ಅಲುಗಾಡುತ್ತಿರಲಿಲ್ಲ. ಸೊಂಟವನ್ನು ಕಂಬಕ್ಕೆ ಬಿಗಿದ ಬೆಲ್ಟ್ ಇರುತ್ತದೆ. ಜೀವ ಹೋದರೂ ಮೈ ಬೀಳುವುದಿಲ್ಲ. ಅದು ನನಗೆ ಗೊತ್ತಿತ್ತು. ಕಂಬಕ್ಕೆ ಕೈಕೊಟ್ಟು ಕಾದೆ. ಕೂಗಲಿಲ್ಲ. ಅಪ್ಪನ ಮೂವತ್ತೆಂಟು ವರ್ಷಗಳಲ್ಲಿ ಅಮ್ಮ ಎಷ್ಟು ಸಲ ಹೀಗೆ ಕಾದಿರಬೇಕು ಎಂದು ಅಂದು ಮೊದಲ ಬಾರಿಗೆ ಯೋಚಿಸಿದೆ.

ಒಂದು ಎಲೆ ಬಿತ್ತು. ಆಮೇಲೆ ಎಡಗಾಲಿನ ಹೆಬ್ಬೆರಳು ಬಲಗಾಲನ್ನು ತುರಿಸಿತು.

ಕಣ್ಣು ಮಂಜಾಗಿತ್ತು. ಒರೆಸಿಕೊಂಡಾಗಲೇ ನೋಡಿದ್ದು: ತಂತಿಗಳ ಮೇಲಿಂದ ಇಳಿಬಿದ್ದು, ನೆಲಕ್ಕೆ ಹೊಡೆದ ಕಬ್ಬಿಣದ ಸಲಾಕೆಗೆ ಬಿಗಿದಿದ್ದ ಒಂದು ಸರಪಳಿ. ಫಳಫಳ ಹೊಳೆಯುತ್ತಿತ್ತು.

ಗುಬ್ಬಿ ಕೆಲಸ ಮುಗಿಸಿ ಇಳಿದ. ಸರಪಳಿ ಬಿಡಿಸುತ್ತ, "ಅಕ್ಕ, ಇದು ಒಂದ್ಸಲ ಪಟ್ ಅಂತು, ಕಿಡಿ ಹಾರ್ತು" ಎಂದ. "ಕರೆಂಟೆಲ್ಲ ಇದರ ಮೇಲಿಂದ ನೆಲಕ್ಕೆ ಹೋಯ್ತು. ನಾನು ಕೈ ಹಿಂದೆ ತೊಗೊಂಡು ಸ್ವಲ್ಪ ಹೊತ್ತು ಅಲ್ಲಾಡದೆ ಕೂತೆ."

"ಅಪ್ಪನ ಸರಪಳಿ ಅಲ್ವಾ?"

ಅವನು ತಲೆ ಕೆರೆದುಕೊಂಡ. "ನಂದು ಹೋದ ತಿಂಗಳು ತುಂಡಾಯ್ತು, ಹೊಸದು ಇನ್ನೂ ಬಂದಿಲ್ಲ. ಬೆಳಿಗ್ಗೆ ಮೇಜಿನ ಮೇಲೆ ಸುಮ್ನೆ ಮಲಗಿತ್ತು. ಗುರುಗಳು ಹೇಳ್ತಿರಲಿಲ್ವಾ, ಫ್ಯೂಸು ಜನರನ್ನ ನಂಬೋಕೆ, ಸರಪಳಿ ನಂಬದೇ ಇರೋಕೆ ಅಂತ. ತಮ್ಮನವರಿಗೆ ಹೇಳ್ಬೇಡಿ ಅಕ್ಕ, ಬೈತಾರೆ."

ತಮ್ಮ ಆಗಲೇ ನನ್ನ ಹಿಂದೆ ನೀರಿನ ಲೋಟ ಹಿಡಿದು ನಿಂತಿದ್ದ. ಬೈಯಲಿಲ್ಲ. ಲೋಟವನ್ನು ಗುಬ್ಬಿಗೆ ಕೊಟ್ಟು, ಸರಪಳಿಯನ್ನು ತಾನೇ ಸುತ್ತಿ ಗುಬ್ಬಿಯ ಚೀಲಕ್ಕೆ ಹಾಕಿದ.

"ಮೇಜಿನ ಮೇಲೆ ಜಾಗ ಖಾಲಿ ಕಾಣುತ್ತಲ್ಲಣ್ಣ," ಎಂದ ಗುಬ್ಬಿ.

"ಕಾಣ್ಲಿ ಬಿಡೋ," ಎಂದ ತಮ್ಮ.

ಗುಬ್ಬಿ ನೀರು ಕುಡಿದು ನನ್ನ ಮುಂದೆ ಅಂಗೈ ಚಾಚಿದ. "ಬಂದಿದ್ದೀನಿ ಅಕ್ಕ. ಕೊಡಿ."

ಕೊಡೋಣವೆಂದರೆ ನನ್ನ ಬೆರಳುಗಳು ಬಿಚ್ಚಲಿಲ್ಲ. "ಎರಡೂ ಕಾಲು ನೆಲದ ಮೇಲೆ ಇವೆಯಾ?" ಎಂದೆ. ಎಪ್ಪತ್ತರ ಹತ್ತಿರದ ಹೆಂಗಸು ಕೇಳುವ ಮಾತಲ್ಲ.

ಅವನು ನಗಲಿಲ್ಲ. ಬರಿಗಾಲಲ್ಲಿ, ಬಿಸಿ ರಸ್ತೆಯ ಮೇಲೆ, ಎರಡು ಸಲ ಕುಪ್ಪಳಿಸಿದ. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫ್ಯೂಸುಗಳನ್ನು ತೆಗೆದುಕೊಂಡು ಪೆಟ್ಟಿಗೆಯ ಕಡೆ ನಡೆದ. ಮೊದಲನೆಯದನ್ನು ಒಳಗೆ ತಳ್ಳುವಾಗ ನಾನು, ಅಪ್ಪ ಫ್ಯೂಸು ಹಾಕುವಾಗ ಮಾಡುತ್ತಿದ್ದಂತೆ, ಕಣ್ಣು ಮುಚ್ಚಿಕೊಂಡೆ.